ಮೂರು ಸಲ ನೋಡು, ಮೂರೂ ಬರಿ

ಹಿರಿಯೂರು ಸೀಮೆಯಲ್ಲಿ ಬಿ.ಪಿ. ನೋಡುವ ನರ್ಸುಗಳು ಬೇಕಾದಷ್ಟು ಮಂದಿ ಇದ್ದಾರೆ. ಆದರೆ ಮಿಷನ್ನನ್ನು ಪಕ್ಕಕ್ಕಿಟ್ಟು, ಮೊದಲು ರೋಗಿಯ ಮಣಿಕಟ್ಟು ಹಿಡಿದು, ಗಡಿಯಾರ ನೋಡುತ್ತ ಪೂರ್ತಿ ಒಂದು ನಿಮಿಷ ಮೌನವಾಗಿ ಕೂರುತ್ತಿದ್ದವರೆಂದರೆ ನಮ್ಮ ಜಯಕ್ಕನವರೊಬ್ಬರೇ. ಮೂವತ್ತನಾಲ್ಕು ವರ್ಷ ಸೇವೆ ಸಲ್ಲಿಸಿ, ನಿವೃತ್ತರಾಗಿ, ಬಬ್ಬೂರಿನ ಮನೆಯಲ್ಲಿ ನೆಲೆಸಿರುವ ಅವರ ಅಭಿನಂದನಾ ಸಂಪುಟಕ್ಕೆ ಬರೆಯಲು ಕುಳಿತಾಗ ಸಂತೋಷವಾಗಬೇಕಿತ್ತು. ನನಗಾದದ್ದು ಭಯ. ಎರಡು ತಿಂಗಳ ಹಿಂದೆ ಅವರದೇ ಎದೆಬಡಿತ ತಾಳ ತಪ್ಪಿದೆಯೆಂದು ಗೊತ್ತಾಗಿದೆ.

ನಾನು ಅವರ ಕೈಕೆಳಗೆ ಸೇರಿದ ಮೊದಲ ವರ್ಷ, ಕುರಿ ಸಾಕುವ ಕರಿಸಿದ್ದಪ್ಪನವರ ಮನೆಗೆ ವಾರಕ್ಕೊಮ್ಮೆ ಹೋಗಿ ಬಿ.ಪಿ. ನೋಡಿ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಮಿಷನ್ ಒಮ್ಮೆ ನೂರ ಅರವತ್ತೆಂಟು ತೋರಿಸಿತು, ಮರುಗಳಿಗೆಗೆ ನೂರ ಮೂವತ್ತೆರಡು, ಇನ್ನೊಮ್ಮೆ ಬರೀ ಎರರ್. ಮಿಷನ್ ಕೆಟ್ಟಿದೆಯೆಂದುಕೊಂಡೆ, ಬೈಸಿಕೊಳ್ಳುವ ಹೆದರಿಕೆಯಿಂದ ನಾಲ್ಕು ವಾರವೂ ನೂರ ಇಪ್ಪತ್ತಕ್ಕೆ ಎಂಬತ್ತು ಎಂದು ಬರೆದೆ. ರಿಜಿಸ್ಟರ್ ನೋಡಿದ ಜಯಕ್ಕನವರು ಬೈಯಲಿಲ್ಲ. ಚಪ್ಪಲಿ ಮೆಟ್ಟಿಕೊಂಡು, ನನ್ನನ್ನೂ ಕರೆದುಕೊಂಡು ಆ ಮನೆಗೆ ನಡೆದರು. ಹಿರಿಯರನ್ನು ಐದು ನಿಮಿಷ ಮಾತಾಡಿಸದೆ ಕೂರಿಸಿ ನಾಡಿ ಹಿಡಿದರು. ನಿಮಿಷ ಮುಗಿಯುವಷ್ಟರಲ್ಲಿ ಜಯಕ್ಕನವರ ಮುಖ ಕಪ್ಪಿಟ್ಟಿತ್ತು.

“ಮಿಷನ್ ಕೆಟ್ಟಿಲ್ಲ ಕಣೇ ರಂಜಿತಾ, ನಾಡಿ ತಪ್ಪಿ ತಪ್ಪಿ ಬಡೀತೈತೆ. ಇಂಥೋರಿಗೆ ಒಂದು ಸಲ ನೋಡಿದ್ರೆ ಏನೂ ಗೊತ್ತಾಗಲ್ಲ. ಮೂರು ಸಲ ನೋಡು, ಮೂರೂ ಬರಿ. ದಿನಾ ಒಂದೇ ಲೆಕ್ಕ ಬಂದೈತೆ ಅಂದ್ರೆ ಯಾರೋ ಸುಳ್ಳು ಬರ್ದವ್ರೆ ಅಂತ ತಿಳ್ಕ.”

ಕುರಿಯನ್ನೂ ಮೂರು ಸಲ ಎಣಿಸದೆ ತಾವು ದೊಡ್ಡಿ ಮುಚ್ಚುವುದಿಲ್ಲವೆಂದು ಕರಿಸಿದ್ದಪ್ಪನವರು ನಕ್ಕರು. ನಮಗೆ ನಗು ಬರಲಿಲ್ಲ. ಜಯಕ್ಕನವರು ಅಂದೇ ಅವರನ್ನು ಬಸ್ಸಿನಲ್ಲಿ ಚಿತ್ರದುರ್ಗಕ್ಕೆ ಕರೆದೊಯ್ದು ಇಸಿಜಿ ಮಾಡಿಸಿದರು. ಹೀಗೇ ಬಿಟ್ಟಿದ್ದರೆ ಲಕ್ವ ಹೊಡೆಯುವ ಸಂಭವವಿತ್ತೆಂದು ಡಾಕ್ಟರು ಹೇಳಿ ಮಾತ್ರೆ ಶುರುಮಾಡಿದರು. ಆ ಹಿರಿಯರು ಇವತ್ತಿಗೂ ಕುರಿಗಳ ಹಿಂದೆ ನಡೆಯುತ್ತಿದ್ದಾರೆ. ನನ್ನ ತಪ್ಪನ್ನು ಜಯಕ್ಕನವರು ಯಾರ ಮುಂದೆಯೂ ಆಡಲಿಲ್ಲ. ಇವತ್ತು ನಾನೇ ಆಡುತ್ತಿದ್ದೇನೆ.

ಏಕೆಂದರೆ, ಈಗ ಅವರೇ ಮನೆಯಲ್ಲಿ ಬಿ.ಪಿ. ನೋಡಿಕೊಂಡು, ಹೊಸದುರ್ಗದಲ್ಲಿರುವ ನನಗೆ ಪ್ರತಿದಿನ ಬೆಳಿಗ್ಗೆ ಮೊಬೈಲಿನಲ್ಲಿ ಬರೆದು ಕಳಿಸಬೇಕೆಂದು ನಮ್ಮಿಬ್ಬರ ಒಪ್ಪಂದ. ಒಂಬತ್ತು ದಿನಗಳಿಂದ ಬರುತ್ತಿರುವುದು ಒಂದೇ: ನೂರ ಇಪ್ಪತ್ತಕ್ಕೆ ಎಂಬತ್ತು. ಮೊದಲ ದಿನ ಹಿಗ್ಗಿದೆ. ಮೂರನೆಯ ದಿನ ಊಟ ಸೇರಲಿಲ್ಲ. ಫೋನು ಮಾಡಿ ಕೇಳಿದರೆ, ನನ್ನ ಚಿಂತೆ ಬಿಟ್ಟು ನಿನ್ನ ಲೇಖನ ಬರಿ ಎಂದರು. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ! ಗುರುಗಳ ಮೇಲೆ ಸಿಟ್ಟಾಗಬಾರದು. ಆದರೂ ಸಿಟ್ಟು ಬಂದಿದೆ, ಅದಕ್ಕಿಂತ ಹೆಚ್ಚಾಗಿ ಜೀವ ಕೈಯಲ್ಲಿ ಹಿಡಿದುಕೊಂಡಂತಾಗಿದೆ.

ಜಯಕ್ಕನವರು ಬಹುಕಾಲ ನಮ್ಮೊಡನಿರಲಿ, ಇನ್ನೂ ಸಾವಿರ ಕೈಗಳ ನಾಡಿ ಹಿಡಿಯಲಿ ಎಂದು ಹಾರೈಸುವುದು ಇಂಥ ಲೇಖನದ ಧರ್ಮ. ಹಾರೈಸುತ್ತೇನೆ. ಆದರೆ ಸಂಪುಟ ಅಚ್ಚಾಗಿ ಅವರ ಕೈ ಸೇರುವವರೆಗೆ ಕಾಯುವ ಧೈರ್ಯ ನನಗಿಲ್ಲ. ಇಲ್ಲಿಗೆ ಮುಗಿಸಿ ಹಿರಿಯೂರಿನ ಬಸ್ಸು ಹತ್ತುತ್ತಿದ್ದೇನೆ. ಅಕ್ಕಾ, ಬೈದರೂ ಸರಿ. ಐದು ನಿಮಿಷ ಮಾತಾಡ್ದೆ ಕುಂತ್ಕಳ್ರಿ, ಕೈ ಕೊಡ್ರಿ. ಮೂರೂ ನಾನೇ ಬರ್ಕಂತೀನಿ.