ನೆಲದಿಂದ ಏಳುವುದು

ಕರೆಗಂಟೆ ಹೊಡೆದಾಗ ನಾನು ಅಡುಗೆಮನೆಯ ನೆಲದ ಮೇಲೆ ಕೂತಿದ್ದೆ. ಮಿಕ್ಸಿ ಜಾರಿನ ಮುಚ್ಚಳ ಉರುಳಿ ಸಿಲಿಂಡರಿನ ಹಿಂದೆ ಹೋಗಿತ್ತು. ತೆಗೆಯಲು ಕೂತವಳಿಗೆ ಮತ್ತೆ ಏಳಲಾಗಲಿಲ್ಲ. ಬಿದ್ದಿರಲಿಲ್ಲ, ಪೆಟ್ಟಾಗಿರಲಿಲ್ಲ. ಕಾಲುಗಳು ನನ್ನನ್ನು ಎತ್ತಲಿಲ್ಲ, ಅಷ್ಟೆ. "ಮೇಡಂ, ಕೊರಿಯರ್!" ಎಂದು ಹೊರಗಿನಿಂದ ಕೂಗು ಬಂತು. "ಬಂದೆ" ಎಂದೆ. ಅವನು ಇನ್ನೊಂದು ಸಲ ಗಂಟೆ ಒತ್ತಿ, "ಒಳಗಿದ್ಕೊಂಡೇ ಬಾಗ್ಲು ತೆಗೀತಿಲ್ಲ ಗುರು" ಎಂದು ಫೋನಿನಲ್ಲಿ ಯಾರಿಗೋ ಹೇಳುತ್ತ ಮೆಟ್ಟಿಲಿಳಿದು ಹೋದ. ನಾನು ಕೂತಲ್ಲೇ ಜರುಗುತ್ತ ಹಾಲ್‌ವರೆಗೆ ಬಂದು, ಸೋಫಾ ಹಿಡಿದು ಎದ್ದೆ.

ಪತ್ರಿಕೆಯ ಡೆಸ್ಕಿನಲ್ಲಿ ಕೆಲಸ ಮಾಡಿ ನಿವೃತ್ತಳಾದವಳು ನಾನು. ಯಾವುದು ಸುದ್ದಿ, ಯಾವುದು ಅಲ್ಲ ಎಂದು ಬೇಗ ತೀರ್ಮಾನಿಸುವುದು ಅಭ್ಯಾಸವಾಗಿತ್ತು. ಇದು ಸುದ್ದಿಯಲ್ಲ ಎಂದುಕೊಂಡೆ. ಆದರೆ ಜೆ.ಪಿ. ನಗರದ ಆ ಮನೆಯಲ್ಲಿ ನಾನೊಬ್ಬಳೇ ಇರುವುದು. ಬಚ್ಚಲುಮನೆಯಲ್ಲಿ ಸೋಫಾ ಇರುವುದಿಲ್ಲ.

ನೆಲದ ಮೇಲೆ ಕೂತದ್ದು, ಜರುಗಿದ್ದು ಯಾವುದನ್ನೂ ಡಾಕ್ಟರಿಗೆ ಹೇಳಲಿಲ್ಲ. ಏಳುವಾಗ ಸ್ವಲ್ಪ ಕಷ್ಟ ಎಂದೆ. ಅವರು ಮಂಡಿ ಒತ್ತಿ ನೋಡಿ, ತೊಡೆ ಹಿಡಿದು ನೋಡಿ, ಮಂಡಿ ಚೆನ್ನಾಗಿದೆ, ಮಾಂಸಖಂಡವೇ ಇಲ್ಲ ಎಂದರು. ದಿನಾ ಬೆಳಿಗ್ಗೆ ಪುಟ್ಟೇನಹಳ್ಳಿ ಕೆರೆ ಸುತ್ತುತ್ತೇನಲ್ಲ ಎಂದೆ. "ಸುತ್ತಿ ಮೇಡಂ, ಒಳ್ಳೇದೇ. ಆದ್ರೆ ನಡೆದ್ರೆ ಸಾಕಾಗಲ್ಲ. ಭಾರ ಎತ್ಬೇಕು" ಎಂದರು.

ಮನೆಯಿಂದ ಎರಡು ರಸ್ತೆ ಆಚೆ, ಹಾರ್ಡ್‌ವೇರ್ ಅಂಗಡಿಯ ಮೇಲಿನ ಮಹಡಿಯಲ್ಲಿ ಒಂದು ಜಿಮ್ ಇದೆ. ಕಟ್ಟಡ ಇರುವ ಜಾಗ ಒಂದು ಕಾಲದಲ್ಲಿ ಜಿಮ್ ಮಾಲೀಕರ ಮನೆಯವರ ರಾಗಿ ಹೊಲ. ನಲವತ್ತರ ಆಸುಪಾಸಿನ ಆ ಮಾಲೀಕರೇ ಕಲಿಸುವವರೂ ಹೌದು. ಅವರಿಗೂ ನಾನು ಹೇಳಿದ್ದು 'ಆರೋಗ್ಯಕ್ಕೆ' ಎಂದಷ್ಟೆ.

"ಮೊದ್ಲು ಕುರ್ಚಿಯಿಂದ ಎದ್ದೇಳಿ ಮೇಡಂ. ಕೈ ಊರಂಗಿಲ್ಲ" ಎಂದರು. ಕೈ ಊರಿದೆ. "ಊರಂಗಿಲ್ಲ ಅಂದ್ನಲ್ಲ!" ಕೆಲವು ವಾರಗಳಾದ ಮೇಲೆ ಒಂದು ಡಂಬೆಲ್ ಕೊಟ್ಟು, "ಮಗೂನ ಎತ್ಕೊಂಡಂಗೆ ಎದೆಗೆ ಅವುಚ್ಕೊಳಿ, ಈಗ ಏಳಿ" ಎಂದರು. ನಾನು ಮಕ್ಕಳನ್ನು ಎತ್ತಿಕೊಂಡದ್ದು ಕಡಿಮೆ. ಕಬ್ಬಿಣ ತಣ್ಣಗಿತ್ತು. ಎದ್ದೆ.

ಕೆಲಸಕ್ಕೆ ಹೋಗುವವರು ಬೆಳಿಗ್ಗೆ ಬೇಗ ಬಂದು ಹೋಗುತ್ತಿದ್ದರು, ಉಳಿದವರು ಸಂಜೆ. ನಾನು ನಡುವಿನ ಖಾಲಿ ಹೊತ್ತಿಗೆ ಹೋಗುತ್ತಿದ್ದೆ. ಮಾಲೀಕರು ಹೇಳಿಕೊಡುವುದನ್ನು ಹೇಳಿಕೊಟ್ಟು ಕೆಳಗಿಳಿದು ಅಂಗಡಿಯವರ ಜೊತೆ ಕಾಫಿ ಕುಡಿಯುತ್ತಿದ್ದರು. ಗೋಡೆಗಳಿಗೆಲ್ಲ ಕನ್ನಡಿ; ಯಾವ ಕಡೆ ತಿರುಗಿದರೂ ನಾನೇ. ಕುರ್ಚಿಯ ಬದಲು ಗಿಡ್ಡ ಬೆಂಚು ಬಂತು, ಆಮೇಲೆ ಅದಕ್ಕಿಂತ ಗಿಡ್ಡ ಸ್ಟೂಲು. ನೆಲದ ಮೇಲೆ ಮಾತ್ರ ಕೂರಲಿಲ್ಲ. ಮಾಲೀಕರು ಕೇಳಿದಾಗಲೆಲ್ಲ ಇನ್ನೊಂದು ದಿನ ಎನ್ನುತ್ತಿದ್ದೆ.

ಆಯುಧ ಪೂಜೆಯ ದಿನವೂ ಎಂದಿನ ಹೊತ್ತಿಗೇ ಹೋದೆ. ನಮ್ಮ ಪ್ರೆಸ್ಸಿನಲ್ಲಿ ಆ ದಿನ ಮುದ್ರಣಯಂತ್ರಕ್ಕೆ ಪೂಜೆ, ಯಂತ್ರ ಓಡಿಸುವಂತಿಲ್ಲ. ಹಾಗಾಗಿ ಮರುದಿನ ಪತ್ರಿಕೆಯೇ ಇರುತ್ತಿರಲಿಲ್ಲ. ಅಷ್ಟು ವರ್ಷ ಅದನ್ನು ನೋಡಿದವಳಿಗೆ ಡಂಬೆಲ್ಲೂ ಆಯುಧವೇ ಎಂಬುದು ಹೊಳೆಯಲಿಲ್ಲ. ಬೂಟು, ಟವೆಲು, ನೀರಿನ ಬಾಟಲಿ ಸಮೇತ ಮೆಟ್ಟಿಲು ಹತ್ತಿದರೆ ಜಿಮ್ ತುಂಬ ಜನ, ರೇಷ್ಮೆ ಸೀರೆಗಳು, ಪಂಚೆಗಳು. ಸಾಲಾಗಿಟ್ಟ ಕಬ್ಬಿಣಕ್ಕೆಲ್ಲ ಅರಿಶಿನ ಕುಂಕುಮ, ಸೇವಂತಿಗೆ.

"ಇವತ್ತು ಮುಟ್ಟಂಗಿಲ್ಲ ಆಂಟಿ!" ಎಂದು ಬಾಗಿಲಲ್ಲಿದ್ದ ಯುವಕನೊಬ್ಬ ನಕ್ಕ.

"ನೀನು ಮುಟ್ಟಿ ಎರಡು ತಿಂಗಳಾಯ್ತಲ್ಲ ಮಗಾ, ನಿಂಗೆ ದಿನಾ ಆಯುಧ ಪೂಜೆನೇ" ಎಂದ ಅವನ ಗೆಳೆಯ.

ವಾಪಸ್ಸು ಹೊರಟವಳನ್ನು ಮಾಲೀಕರು ಬಿಡಲಿಲ್ಲ. ಮಂಗಳಾರತಿಯಾಯಿತು. ಎಲ್ಲರೂ ರಬ್ಬರ್ ಹಾಸಿನ ಮೇಲೆ ಕೂತರು; ಪ್ಲೇಟುಗಳಲ್ಲಿ ಕೇಸರಿಬಾತ್, ಕೋಸಂಬರಿ ಬಂದವು. ನಿಂತೇ ತಿನ್ನುತ್ತೇನೆ ಎಂದೆ.

"ನಿಂತ್ಕೊಂಡು ತಿನ್ನೋಕೆ ಇದೇನ್ ದರ್ಶಿನಿನಾ? ಕೂತ್ಕೊಳವ್ವ" ಎಂದು ಮಾಲೀಕರ ತಾಯಿ ಪಕ್ಕದ ಜಾಗ ತಟ್ಟಿದರು.

ಕೂತೆ. ಅಡುಗೆಮನೆಯ ಆ ದಿನದ ನಂತರ ನೆಲ ಮುಟ್ಟಿದ್ದು ಅದೇ ಮೊದಲು. ಕೇಸರಿಬಾತಿನ ರುಚಿ ನನಗೆ ನೆನಪಿಲ್ಲ. ಇಷ್ಟು ಜನರ ಎದುರು ಏಳಲಾಗದಿದ್ದರೆ ಎಂಬುದೊಂದೇ ಇತ್ತು ತಲೆಯಲ್ಲಿ. ಕೆಳಗೆ ಗಾಡಿಗಳ ಪೂಜೆಗೆ ಹೊತ್ತಾಯಿತೆಂದು ಎಲ್ಲರೂ ಏಳತೊಡಗಿದರು. ಮಾಲೀಕರು ಬಾಗಿ ಕೈ ಚಾಚಿದರು. "ಕೈ ಕೊಡಿ ಮೇಡಂ."

"ಬೇಡ, ಒಂದ್ನಿಮಿಷ."

ಮನೆಯಲ್ಲಿ ಈ ಕೈ ಇರುವುದಿಲ್ಲ. ಹಿಡಿಯಲು ಪಕ್ಕದಲ್ಲೇ ಡಂಬೆಲ್ ಸ್ಟ್ಯಾಂಡ್ ಇತ್ತು. ಇವತ್ತು ಅದನ್ನು ಮುಟ್ಟುವಂತಿಲ್ಲ. ಒಂದು ಮಂಡಿ ಊರಿ, ಇನ್ನೊಂದು ಪಾದ ಮುಂದಿಟ್ಟೆ. ಮೊದಲ ಸಲ ಅರ್ಧ ಎದ್ದು ಹಿಂದಕ್ಕೆ ಕುಸಿದೆ. ಮಾಲೀಕರು ಕೈ ಹಿಂತೆಗೆದುಕೊಂಡರು. ಎರಡನೆಯ ಸಲ ತೊಡೆ ನಡುಗಿತು, ಆದರೆ ಎತ್ತಿತು.

"ಸಖತ್!" ಎಂದರು ಅವರು. ಅಷ್ಟರಲ್ಲಿ ಕೆಳಗಿನಿಂದ ಯಾರೋ ಕರೆದದ್ದಕ್ಕೆ ಬೂದುಗುಂಬಳಕಾಯಿ ಎತ್ತಿಕೊಂಡು ಇಳಿದು ಹೋದರು.

ರಸ್ತೆಯಲ್ಲಿ ಸ್ಕೂಟರ್‌ಗಳ ಚಕ್ರದಡಿ ನಿಂಬೆಹಣ್ಣಿಟ್ಟು, ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಒಬ್ಬೊಬ್ಬರಾಗಿ ಹೊರಟರು. ನಾನು ಕಡ್ಲೆಪುರಿಯ ಪೊಟ್ಟಣ ಹಿಡಿದು ನಡೆದೆ. ಯಾರಿಗಾದರೂ ಹೇಳಬೇಕೆನಿಸಿತು. ಫೋನ್ ತೆಗೆದೆ, ಜಯನಗರದಲ್ಲಿರುವ ಹಳೆಯ ಗೆಳತಿಯ ಹೆಸರಿಗೆ ಬಂದು ಬೆರಳು ನಿಂತಿತು. ನೆಲದಿಂದ ಎದ್ದೆ ಎಂದು ಹೇಳಬೇಕಾದರೆ, ಮೊದಲು ಏಳಲಾಗದೆ ಕೂತಿದ್ದೆ ಎಂದು ಹೇಳಬೇಕಿತ್ತು. ಅದನ್ನು ನಾನು ಯಾರಿಗೂ ಹೇಳಿರಲಿಲ್ಲ.

ಫೋನನ್ನು ಚೀಲಕ್ಕೆ ಹಾಕಿಕೊಂಡು ರಸ್ತೆ ದಾಟಿದೆ.