ಎಂಜಿನ್ ಪಳಗುವ ತನಕ

ನಮ್ಮ ಓಣಿಯ ಸೈಫುಲ್ಲಾ ಆತುರಪಟ್ಟದ್ದನ್ನು ನಾನು ಕಂಡದ್ದು ಒಂದೇ ಸಲ, ಅದೂ ಅವನಿಗೆ ಮದುವೆಯಾದ ಹೊಸತರಲ್ಲಿ. ಆಮೇಲೆ ಆ ಮನುಷ್ಯ ಯಾವುದಕ್ಕೂ ಅವಸರ ಮಾಡಲಿಲ್ಲ. ಸಕ್ಕರೆ ತುಂಡನ್ನು ಹಲ್ಲಿನ ನಡುವೆ ಕಚ್ಚಿಕೊಂಡು ಚಹಾ ಲೋಟ ಹಿಡಿದು ಕೂತನೆಂದರೆ, ಅವನು ಕುಡಿದು ಮುಗಿಸುವಷ್ಟರಲ್ಲಿ ನಮ್ಮ ಮನೆಯಲ್ಲಿ ಅನ್ನ ಬೆಂದು ಬಸಿದಾಗಿರುತ್ತಿತ್ತು. ಬೆಳಿಗ್ಗೆ ರೊಟ್ಟಿ ಅಂಗಡಿಯ ಒಲೆಯಿಂದ ರೊಟ್ಟಿ ಎತ್ತಿಕೊಂಡು ನಮ್ಮ ಯಜ್ದ್ ಪಟ್ಟಣದ ಹೋಟೆಲುಗಳಿಗೆ ಹಾಕಿಬರುವುದು ಅವನ ಕೆಲಸ. ರೊಟ್ಟಿ ಮೂಟೆಯನ್ನು ಹಳೇ ಮೋಟರ್‌ಸೈಕಲ್ಲಿನ ಮೇಲಿಟ್ಟು ಹಗ್ಗದ ಗಂಟಿನ ಮೇಲೆ ಗಂಟು ಹಾಕುತ್ತ ನಿಂತಿರುತ್ತಿದ್ದ.

"ಏನ್ ಸೈಫುಲ್ಲಾ ಅಣ್ಣ, ರೊಟ್ಟಿ ಕಟ್ತಿದ್ದೀಯೋ, ಒಂಟೆ ಕಟ್ತಿದ್ದೀಯೋ?" ಎಂದು ನಾನು ಬಾಗಿಲಲ್ಲಿ ನಿಂತು ರೇಗಿಸುತ್ತಿದ್ದೆ.

"ಬಿದ್ರೆ ಎತ್ತೋರು ಯಾರು ತಾಹಿರಾ? ನೀನಾ?"

ಅವನ ಹೆಂಡತಿ ಬತೂಲ್ ಒಳಗಿನಿಂದಲೇ ನಗುತ್ತಿದ್ದಳು. ನನಗೂ ಅವಳಿಗೂ ನಡುವೆ ಒಂದು ಮಣ್ಣಿನ ಗೋಡೆ. ಆ ಗೋಡೆಯ ಮೇಲಿಂದ ನಾವು ಬಟ್ಟಲು ದಾಟಿಸಿದ್ದಕ್ಕೂ ಜಗಳ ದಾಟಿಸಿದ್ದಕ್ಕೂ ಲೆಕ್ಕವಿಲ್ಲ.

ಅವನು ಆತುರಪಟ್ಟ ಆ ಒಂದು ಸಲದ ಕಥೆ ಇಷ್ಟು. ಆಗ ತಾನೇ ಮೊದಲ ಮೋಟರ್‌ಸೈಕಲ್ ಕೊಂಡಿದ್ದ. ಬತೂಲಳ ತಾಯಿಗೆ ತೀರಾ ಹುಷಾರಿಲ್ಲ ಎಂದು ಮೇಲಿನ ಊರಿಂದ ಸುದ್ದಿ ಬಂತು. ಮೇಲಿನ ಊರೆಂದರೆ ಚಶ್ಮೆಬಾಲಾ, ತಫ್ತ್ ದಾಟಿ ಶೀರ್‌ಕೂಹ್ ಬೆಟ್ಟದ ಮೇಲಿರುವ ಅವಳ ತವರು. ಎಂಜಿನ್ ಇನ್ನೂ ಹಸಿ. ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು, ಕಿವಿ ಹಿಂಡಿದ ಕತ್ತೆಯಂತೆ ಅದನ್ನು ಕಿರುಚಿಸುತ್ತ ಏರು ಹತ್ತಿಸಿದ. ಕೊನೆಯ ತಿರುವಿನಲ್ಲಿ ಅದು ಬಿಗಿಹಿಡಿದು ನಿಂತುಬಿಟ್ಟಿತು. ಒದ್ದರೂ ಇಲ್ಲ, ಬೈದರೂ ಇಲ್ಲ. ಇಬ್ಬರೂ ನಡೆದುಕೊಂಡು ಊರು ಮುಟ್ಟುವ ಹೊತ್ತಿಗೆ ಮುದುಕಿಯನ್ನು ಮಣ್ಣು ಮಾಡಿ ಜನ ಕೈ ತೊಳೆಯುತ್ತಿದ್ದರು. ಬತೂಲಳ ಅಣ್ಣ ನುಸ್ರತ್ ಎಲ್ಲರೆದುರಿಗೇ, "ಅಳಿಯ ದೇವರು ಸತ್ತ ಗಾಡಿ ತಳ್ಕೊಂಡು ಸಾವಿಗೆ ಬಂದ್ರು" ಅಂದ. ಆ ಮಾತು ಆ ಊರಿನಲ್ಲಿ ಹಾಗೇ ಉಳಿಯಿತು. ಮದುವೆ ಮುಂಜಿಗೆ ಬಸ್ಸಿನಲ್ಲಿ ಹೋದಾಗಲೂ ಯಾರಾದರೊಬ್ಬರು ಕೇಳುತ್ತಿದ್ದರು: "ಗಾಡಿ ಎಲ್ಲಿ ಬಿಟ್ರಿ, ತಿರುವಲ್ಲಾ?"

ನನ್ನ ಗಂಡ ಜಲೀಲ್ ಓಣಿಯ ತುದಿಯಲ್ಲಿ ಮೋಟರ್‌ಸೈಕಲ್ ರಿಪೇರಿ ಮಾಡುತ್ತಾನೆ. ಕೆಟ್ಟ ಎಂಜಿನ್ ಬಿಚ್ಚಿ, ಗೀರುಬಿದ್ದ ಸಿಲಿಂಡರನ್ನು ಸೈಫುಲ್ಲಾನ ಮೂಗಿನ ಕೆಳಗೆ ಹಿಡಿದು ಅವನೇ ಅಂದು ಪಾಠ ಹೇಳಿದ್ದು. ಹೊಸ ಎಂಜಿನ್ನನ್ನು ಪಳಗಿಸಬೇಕು. ಒಬ್ಬನೇ ಓಡಿಸಬೇಕು, ಸಮ ರಸ್ತೆಯಲ್ಲಿ ಓಡಿಸಬೇಕು, ಮಧ್ಯೆ ಮಧ್ಯೆ ಆರಲು ಬಿಡಬೇಕು. ಹಿಂದೆ ಯಾರನ್ನೂ ಕೂರಿಸಬಾರದು, ಏರು ಹತ್ತಿಸಬಾರದು. ತನ್ನ ಗುರು ಹೇಳಿಕೊಟ್ಟದ್ದನ್ನೇ ಜಲೀಲ್ ಹೇಳಿದ. ಸೈಫುಲ್ಲಾ ಅದನ್ನು ಎದೆಗೆ ಹಚ್ಚಿಕೊಂಡ.

ಕಳೆದ ಚಳಿಗಾಲದಲ್ಲಿ ಬತೂಲಳ ಎದೆ ಕೈಕೊಟ್ಟಿತು. ಎರಡು ಮೆಟ್ಟಿಲು ಹತ್ತಿದರೆ ಉಸಿರು ಸಿಗುತ್ತಿರಲಿಲ್ಲ, ಕಾಲು ಊದುತ್ತಿದ್ದವು. ಡಾಕ್ಟರು ಗುಳಿಗೆ ಬರೆದುಕೊಟ್ಟರು, ಉಪ್ಪು ಬಿಡಿಸಿದರು. ಅವಳು ಆಸೆಪಟ್ಟದ್ದು ಒಂದನ್ನೇ.

"ಈ ಬೇಸಿಗೇಲಿ ನಮ್ಮಪ್ಪನ ತೋಟದ ಹಿಪ್ಪುನೇರಳೆ ಮರದ ಕೆಳಗೆ ಕೂತ್ಕೋಬೇಕು ತಾಹಿರಾ. ಹಣ್ಣು ತಾನಾಗಿ ಮಡಿಲಿಗೆ ಬೀಳ್ಬೇಕು."

"ಅದಕ್ಕೇನಂತೆ, ನುಸ್ರತ್ ಪಿಕಪ್ ತರ್ತಾನೆ, ಹೋಗ್ಬಾ."

"ಅವನ ಗಾಡೀಲಾ? ನನ್ನ ಹೆಣ ಹೋಗ್ಬೇಕು ಅದರಲ್ಲಿ! ನಾನು ಹೋದ್ರೆ ನನ್ನ ಗಂಡನ ಹಿಂದೆ ಕೂತ್ಕೊಂಡು, ಅವನ ಮನೆ ಮುಂದೇನೇ ಇಳೀತೀನಿ. ಅವನು ಬಾಗಿಲಿಗೆ ಬಂದು ನೋಡ್ಬೇಕು."

ಹಟಕ್ಕೆ ಗಂಡಹೆಂಡತಿ ಸರಿಯಾದ ಜೋಡಿ. ಹಳೇ ಗಾಡಿ ರೊಟ್ಟಿ ಹೊತ್ತೂ ಹೊತ್ತೂ ಕೂಗುವ ಶಕ್ತಿಯನ್ನೂ ಕಳೆದುಕೊಂಡಿತ್ತು, ಬೆಟ್ಟದ ಮಾತೆತ್ತುವಂತಿರಲಿಲ್ಲ. ನೌರೂಜ್ ಹಬ್ಬ ಕಳೆಯುತ್ತಲೇ ಸೈಫುಲ್ಲಾ ಹೊಸ ಮೋಟರ್‌ಸೈಕಲ್ ತಂದ. ಕೆಂಪು ಬಣ್ಣದ್ದು. ಬತೂಲ್ ಇಸ್ಪಂದ್ ಬೀಜದ ಹೊಗೆ ಹಾಕಿ ದೃಷ್ಟಿ ತೆಗೆದಳು, ನಾನು ಮುಂದಿನ ಚಕ್ರದ ಕೆಳಗೆ ಮೊಟ್ಟೆಯಿಟ್ಟೆ. ಅವನು ಗಾಡಿ ಉರುಳಿಸಿ ಮೊಟ್ಟೆ ಒಡೆದ. ಬತೂಲ್ ಚಾದರ ಎತ್ತಿ ಹಿಡಿದು ಹತ್ತಲು ಹೋದಳು.

"ಏಯ್, ಏಯ್!" ಎಂದು ಕೂಗಿದ. "ಈಗಲ್ಲ. ಮೊದ್ಲು ಪಳಗ್ಲಿ."

ಅವಳು ಕಾಲು ಕೆಳಗಿಟ್ಟಳು. ಅವಳಿಗೆ ಬೇಸರವಾಗಲಿಲ್ಲ. ಮಾರನೇ ದಿನ ಬಿಳಿ ಬಟ್ಟೆಯ ತುಂಡಿನ ಮೇಲೆ ಹಸಿರು ದಾರದಲ್ಲಿ 'ಎಂಜಿನ್ ಪಳಗುತ್ತಿದೆ' ಎಂದು ಕಸೂತಿ ಹಾಕಿ ಹಿಂದಿನ ಸೀಟಿಗೆ ಕಟ್ಟಿದಳು. ಬೇರೆಯವರು ರಟ್ಟಿನ ಮೇಲೆ ಗೀಚಿ ನೇತುಹಾಕುತ್ತಾರೆ, ಹಿಂದಿನ ಗಾಡಿಯವರು ಹಾರ್ನ್ ಹೊಡೆಯದಿರಲಿ ಎಂದು. ಇವಳದಕ್ಕೆ ಅಂಚಿನಲ್ಲಿ ಹೂವು ಬೇರೆ.

ಅಲ್ಲಿಂದ ಶುರುವಾಯಿತು. ಬೆಳಿಗ್ಗೆ ರೊಟ್ಟಿ ಕೆಲಸ ಹಳೇ ಗಾಡಿಯಲ್ಲಿ, ಯಾಕೆಂದರೆ ಹೊಸದರ ಮೇಲೆ ಭಾರ ಹೇರುವಂತಿಲ್ಲ. ಸಂಜೆ ಹೊಸದನ್ನು ತೆಗೆದು ಮೇಬುದ್ ಕಡೆಯ ಸಮ ರಸ್ತೆಗೆ ಹೋಗುತ್ತಿದ್ದ. ಸ್ವಲ್ಪ ದೂರ ಓಡಿಸಿ ನಿಲ್ಲಿಸುತ್ತಿದ್ದ. ರಸ್ತೆ ಬದಿಯ ಮರಳಲ್ಲಿ ಕುಕ್ಕರಗಾಲಲ್ಲಿ ಕೂತು ಎಂಜಿನ್ ಆರುವುದನ್ನೇ ನೋಡುತ್ತಿದ್ದ. ಲಾರಿಯವರು, ಸೈಕಲ್ಲಿನವರು ಕೂಡ, ಅವನನ್ನು ದಾಟಿಹೋಗುತ್ತಿದ್ದರು. ಬಿಸಿಗಾಳಿ ಎದ್ದ ದಿನ ಹೊರಡುತ್ತಲೇ ಇರಲಿಲ್ಲ, ಎಂಜಿನ್ನಿಗೆ ಸೆಕೆಯಾದೀತೆಂದು.

"ಇವತ್ತು ಹೇಗಿತ್ತು?" ಬತೂಲ್ ಬಾಗಿಲ ಪಕ್ಕದ ಕಲ್ಲುಜಗಲಿಯ ಮೇಲೆ ಕೂತು ಕೇಳುತ್ತಿದ್ದಳು.

"ಸದ್ದು ಮೆತ್ತಗಾಗ್ತಿದೆ."

"ನನ್ನ ಉಸಿರೂ ಮೆತ್ತಗಾಗ್ತಿದೆ, ಬೇಗ ಪಳಗಿಸಪ್ಪಾ."

ಇಬ್ಬರೂ ನಗುತ್ತಿದ್ದರು. ನನಗೆ ಮೈಯೆಲ್ಲಾ ಉರಿಯುತ್ತಿತ್ತು. ಕೆಳಗೆ ನಮ್ಮ ಊರಿನ ಹಿಪ್ಪುನೇರಳೆ ಹಣ್ಣಾಗಿ ಉದುರಿ ಮುಗಿಯಿತು. ಬೆಟ್ಟದ ಮೇಲೆ ತಡ, ಇನ್ನೂ ಹಣ್ಣಿರುತ್ತೆ ಎಂದು ಅವಳೇ ನನಗೆ ಸಮಾಧಾನ ಹೇಳಿದಳು. ಅವಳ ತುಟಿ ನೀಲಿಯಾಗುತ್ತಿದ್ದದ್ದು ನನಗೆ ಕಾಣುತ್ತಿತ್ತು. ಒಂದು ಸಂಜೆ ತಡೆಯಲಾರದೆ ಅವನನ್ನು ಅಡ್ಡಹಾಕಿದೆ.

"ಅಣ್ಣ, ನಿನ್ನ ಗಾಡಿಗೆ ವಯಸ್ಸಿದೆ. ಅವಳಿಗಿಲ್ಲ. ಕೂರಿಸ್ಕೊಂಡು ಹೋಗ್ಬಾರ್ದಾ?"

ಅವನು ಸೀಟಿಗೆ ಕಟ್ಟಿದ ಕಸೂತಿ ಬಟ್ಟೆಯ ಗಂಟು ಬಿಗಿದ. "ಅದೇ ತಿರುವಲ್ಲಿ ನಿಂತ್ರೆ, ತಾಹಿರಾ? ಅವತ್ತು ಅವಳು ನಡೆದ್ಲು. ಈಗ ಅವಳ ಕೈಲಿ ನಡೆಯೋಕಾಗುತ್ತಾ?"

ನಾನು ದಾರಿ ಬಿಟ್ಟೆ. ಅವನ ಮೇಲಿನ ಕೋಪ ಮಾತ್ರ ಹಾಗೇ ಇತ್ತು.

ಕೊನೆಗೊಂದು ದಿನ ಜಲೀಲ್ ಕಿವಿಯಿಟ್ಟು ಕೇಳಿ, ಹಳೇ ಎಣ್ಣೆ ಬಸಿದು ಹೊಸ ಎಣ್ಣೆ ಹಾಕಿ, "ಆಯ್ತು, ಇನ್ನು ಬೆಟ್ಟ ಅಲ್ಲ, ಆಕಾಶಕ್ಕೂ ಹತ್ತಿಸು" ಎಂದ. ಸೈಫುಲ್ಲಾ ಕಸೂತಿ ಬಟ್ಟೆ ಬಿಚ್ಚಿ, ಮಡಿಸಿ, ಜೇಬಿಗಿಟ್ಟುಕೊಂಡ. ಬತೂಲ್ ಅಂಗೈಗೆ ಗೋರಂಟಿ ಹಾಕಿಕೊಂಡಳು. ಅಣ್ಣನ ಮಕ್ಕಳಿಗೆಂದು ಬಾದಾಮಿ ತುಂಬಿದ ಸಿಹಿಕಡುಬು ಕಟ್ಟಿಸಿದಳು. ಅಷ್ಟು ಚಿಕ್ಕವಳಂತೆ ಅವಳು ಓಡಾಡಿದ್ದನ್ನು ನೋಡಿ ನನಗೂ ನಂಬಿಕೆ ಬಂತು.

ಬೆಳಿಗ್ಗೆ ಬಿಸಿಲೇರುವ ಮೊದಲೇ ಹೊರಟರು. ನಾನೇ ತೋಳು ಹಿಡಿದು ಅವಳನ್ನು ಹಿಂದೆ ಹತ್ತಿಸಿದೆ. ಹೂವಿನ ಚಾದರ, ಹೊಸ ಚಪ್ಪಲಿ. ಅವನ ಸೊಂಟ ಸುತ್ತಿ ಹಿಡಿದು, "ನಡಿ, ನನ್ನಣ್ಣನಿಗೆ ಬಾಗಿಲು ತೆಗೆಯೋಕೆ ಹೇಳು" ಎಂದಳು. ಗಾಡಿ ಸದ್ದೇ ಇಲ್ಲದಂತೆ ಹೊರಟಿತು. ಓಣಿಯ ಮೇಲೆ ಕಮಾನು ಮುಚ್ಚಿರುವಲ್ಲಿ ಅವಳ ಒಂದು ಚಪ್ಪಲಿ ಕಳಚಿ ಬಿತ್ತು.

"ಅಣ್ಣಾ, ಚಪ್ಪಲಿ!" ಎಂದು ಕೂಗಿದೆ. ಅವನಿಗೆ ಕೇಳಲಿಲ್ಲ. ಎತ್ತಿಕೊಂಡು ನಗುತ್ತಲೇ ಓಡಿದೆ. ಓಣಿಯ ತುದಿಯಲ್ಲಿ ರಸ್ತೆಗಿಳಿಯಲು ಅವನು ನಿಧಾನ ಮಾಡಿದಾಗ ಸಿಕ್ಕಿದರು. ಅವಳು ಅವನ ಬೆನ್ನಿಗೆ ಕೆನ್ನೆಯಿಟ್ಟಿದ್ದಳು. ಕಣ್ಣು ಅರ್ಧ ತೆರೆದಿತ್ತು. ಅವನು ಮುಂದೆ ನೋಡುತ್ತ, "ಗಟ್ಟಿಯಾಗಿ ಹಿಡ್ಕೊ ಬತೂಲ್" ಎನ್ನುತ್ತಿದ್ದ.

ಎಚ್ಚರ ತಪ್ಪಿದ್ದವಳನ್ನು ಆಸ್ಪತ್ರೆಗೆ ಸೇರಿಸಿದೆವು, ಅವಳು ಆ ವಾರ ದಾಟಲಿಲ್ಲ. ತವರಿನ ಮಣ್ಣೇ ಬೇಕು ಎಂದಿದ್ದಳಂತೆ. ನುಸ್ರತ್ ಪಿಕಪ್ ತಂದ. ಅವಳು ಯಾವತ್ತೋ ಬಾಯಿಗೆ ಬಂದಂತೆ ಆಡಿದ್ದು ಅಕ್ಷರಶಃ ನಡೆಯಿತು. ನಾನೂ ಜಲೀಲನೂ ಇನ್ನಿಬ್ಬರೂ ಹಿಂದೆ ಅವಳ ಪಕ್ಕದಲ್ಲಿ ಕೂತೆವು. ಒಳಗೆ ಕೂರು ಎಂದು ನುಸ್ರತ್ ಕೈ ಹಿಡಿದು ಕೇಳಿಕೊಂಡರೂ ಸೈಫುಲ್ಲಾ ಒಪ್ಪಲಿಲ್ಲ. ಹೊಸ ಗಾಡಿಯಲ್ಲಿ ಹಿಂದೆ ಹಿಂದೆ ಬಂದ.

ತಫ್ತ್ ದಾಟಿ ಏರು ಶುರುವಾದಾಗ ಪಿಕಪ್ ಏದುಸಿರು ಬಿಡತೊಡಗಿತು. ಅವನ ಗಾಡಿ ಒಂದೇ ಸಮನೆ ಹತ್ತುತ್ತಿತ್ತು. ಆ ಕೊನೆಯ ತಿರುವೂ ಬಂತು. ಪಿಕಪ್ ಗೇರ್ ಬದಲಿಸಿತು. ಅವನದಕ್ಕೆ ಅದೂ ಬೇಕಾಗಲಿಲ್ಲ. ಜಲೀಲ್ ತಲೆ ಓರೆ ಮಾಡಿ ಕೇಳಿಸಿಕೊಳ್ಳುತ್ತಿದ್ದ. "ಬೆಣ್ಣೆ ಕಣೇ ಆ ಎಂಜಿನ್, ಬೆಣ್ಣೆ," ಎಂದ. ನಾನು ಅವನ ತೊಡೆ ಚಿವುಟಿದೆ. ಅವನೂ ಅಳುತ್ತಿದ್ದ.

ನುಸ್ರತನ ಮನೆ ಮುಂದೆ ಸೈಫುಲ್ಲಾ ಗಾಡಿ ನಿಲ್ಲಿಸಿ ಇಳಿದ. ಬಾಗಿಲಲ್ಲಿ ಜನ ತುಂಬಿದ್ದರು. ಗಾಡಿ ಎಲ್ಲಿ ಬಿಟ್ರಿ ಎಂದು ಯಾರೂ ಕೇಳಲಿಲ್ಲ. ಬತೂಲಳ ಅಪ್ಪನ ಮರದ ಕೆಳಗೆ ಕೊನೆಯ ಹಣ್ಣುಗಳು ಬಿದ್ದಿದ್ದವು, ಇರುವೆ ಮುತ್ತಿತ್ತು.

ಆ ರಾತ್ರಿ ಮನೆಗೆ ಬಂದು ಜಲೀಲನನ್ನು ಕೇಳಿಯೇಬಿಟ್ಟೆ. "ನಿಜ ಹೇಳು. ಹೊಸತರಲ್ಲೇ ಕೂರಿಸ್ಕೊಂಡು ಹೋಗಿದ್ರೆ ಏನಾಗ್ತಿತ್ತು?"

ಅವನು ಉಗುರಿಗೆ ಮೆತ್ತಿದ ಹಳೇ ಎಣ್ಣೆಕಪ್ಪನ್ನು ಒರೆಸಿದ, ಮತ್ತೆ ಒರೆಸಿದ. "ಏನೂ ಆಗ್ತಿರ್ಲಿಲ್ಲ. ಮೆಲ್ಲಗೆ, ನಿಲ್ಲಿಸಿ ನಿಲ್ಲಿಸಿ ಹೋಗಿದ್ರೆ ಹತ್ತೋದು. ಆಮೇಲೆ ಎಂಜಿನ್ ಒಂಚೂರು ಜಾಸ್ತಿ ಎಣ್ಣೆ ಕುಡಿಯೋದು, ಅಷ್ಟೇ. ಅವತ್ತಿನ ಎಂಜಿನ್ ಬೇರೆ, ಅವನು ಹಿಂಡಿದ್ದೂ ಬೇರೆ."

"ಮತ್ತೆ ಯಾಕ್ ಹೇಳ್ಲಿಲ್ಲ ನೀನು?"

"ಅವನು ಕೇಳ್ಲಿಲ್ಲ. ಅಷ್ಟು ಮುತುವರ್ಜಿಯಿಂದ ಮಾಡ್ತಿದ್ದ. ನನಗೆ ಅವಳು ಇಷ್ಟು ಬೇಗ..." ಎಂದು ನಿಲ್ಲಿಸಿದ. ನಾನು ಅವತ್ತು ಅವನ ಜೊತೆ ಮಾತು ಬಿಟ್ಟೆ. ಎಷ್ಟು ದಿನ ಬಿಟ್ಟೆನೋ ನೆನಪಿಲ್ಲ.

ನಲವತ್ತನೇ ದಿನದ ಪ್ರಾರ್ಥನೆ ಮುಗಿಸಿ ಸೈಫುಲ್ಲಾ ನಮ್ಮ ಮನೆಗೆ ಬಂದ. ತಟ್ಟೆಯಲ್ಲಿ ಹಲ್ವಾ, ಖರ್ಜೂರ. ಚಹಾ ಕೊಟ್ಟೆ. ಸಕ್ಕರೆ ತುಂಡನ್ನು ಬಾಯಿಗಿಡದೆ ಬೆರಳಲ್ಲೇ ಹಿಡಿದು ಕೂತ. ಚಹಾ ಪೂರ್ತಿ ತಣ್ಣಗಾಯಿತು.

"ಉಸ್ತಾದ್, ಒಂದ್ ಮಾತು ಕೇಳ್ತೀನಿ," ಎಂದ ಜಲೀಲನಿಗೆ. "ಗಾಡಿ ತಂದ ದಿನಾನೇ ಅವಳನ್ನ ಕೂರಿಸ್ಕೊಂಡು ಹೋಗಿದ್ರೆ, ಹತ್ತುತ್ತಿತ್ತಾ?"

ಜಲೀಲ್ ನನ್ನ ಮುಖ ನೋಡಿದ. ಎಂಜಿನ್ ವಿಷಯದಲ್ಲಿ ಯಾವ ಗಿರಾಕಿಗೂ ಸುಳ್ಳು ಹೇಳದ ಮನುಷ್ಯ ಅವನು. ಆ ಹೆಮ್ಮೆಯೊಂದೇ ಅವನಿಗಿರುವ ಆಸ್ತಿ. ನಾನು ಕಣ್ಣಲ್ಲೇ ಬೇಡಿಕೊಂಡೆ.

"ಇಲ್ಲ," ಎಂದ ಜಲೀಲ್. "ಅದೇ ತಿರುವಲ್ಲಿ ನಿಂತುಬಿಡ್ತಿತ್ತು."

"ಖಂಡಿತಾ?"

"ಖಂಡಿತಾ."

ಸೈಫುಲ್ಲಾ ದೊಡ್ಡದಾಗಿ ಉಸಿರು ಬಿಟ್ಟ. ತಣ್ಣಗಾದ ಚಹಾವನ್ನು ಒಂದೇ ಗುಟುಕಿಗೆ ಕುಡಿದು ಎದ್ದ. ಜೇಬಿನಿಂದ ಆ ಕಸೂತಿ ಬಟ್ಟೆ ತೆಗೆದು ಮುಖ ಒರೆಸಿಕೊಂಡ.

"ಪ್ರತಿ ಗುರುವಾರ ಗೋರಿ ಹತ್ರ ಹೋದಾಗ ಅವಳು ಇದನ್ನೇ ಕೇಳ್ತಾಳೆ ಅನ್ಸುತ್ತೆ ತಾಹಿರಾ. ಏನು ಹೇಳ್ಬೇಕು ಅಂತ ಗೊತ್ತಾಗ್ತಿರ್ಲಿಲ್ಲ. ಈ ಗುರುವಾರ ಹೇಳ್ತೀನಿ."