ವ್ಯಾನ್ ಡ್ರೈವರ್‌ನ ವಿಚಾರಣೆ

ಹಳಿಯಾಳದ ನಮ್ಮ ಶಾಲೆಯ ವ್ಯಾನಿಗೆ ಡ್ರೈವರ್ ಬೇಕಾಗಿತ್ತು. ದಾಂಡೇಲಿಯ ಇಮಾಮಸಾಬರು ಕೆಲಸ ಕೇಳಿಕೊಂಡು ಬಂದರು. ಮುಖ್ಯೋಪಾಧ್ಯಾಯಿನಿಯಾದ ನಾನು ಸಂಕೋಚದಿಂದಲೇ ಹೇಳಿದೆ: "ಮಕ್ಕಳ ವಿಷಯ ನೋಡ್ರಿ. ನೀವು ಮೊದಲು ಕೆಲಸ ಮಾಡಿದ ಕಡೆ ವಿಚಾರಿಸದ ತಗೊಳ್ಳಾಕ ಬರೂದಿಲ್ಲ."

ಅವರ ಮುಖ ಸಣ್ಣದಾಯಿತು. "ನನ್ನ ಮ್ಯಾಲ ಸಂಶೇ ಏನ್ರಿ ಬಾಯಾರ?"

"ಇಲ್ರಿ, ಎಲ್ಲಾರದೂ ವಿಚಾರಿಸ್ತೇವಿ."

ಅವರು ಹಳೆಯ ಮಾಲಕರಿಬ್ಬರ ವಿಳಾಸ ಬರೆಸಿದರು. ಆಮೇಲೆ ಮೆಲ್ಲಗೆ ಅಂದರು: "ನನ್ನ ಮಗಳೂ ದಿನಾ ಟೆಂಪೋದಾಗ ಸಾಲಿಗೆ ಹೋಗ್ತಾಳ್ರಿ. ಅದನ್ನ ಹೊಡ್ಯಾಂವ ಯಾರಂತ ನಾನು ಒಮ್ಮೆನೂ ಕೇಳಿಲ್ಲ."

ನಾನು ಹೋಗಿ ವಿಚಾರಿಸಿದೆ. ಇಬ್ಬರು ಮಾಲಕರೂ ಅವರನ್ನು ಮನಸಾರೆ ಹೊಗಳಿದರು. ಸೋಮವಾರದಿಂದ ಬರ್ರಿ ಎಂದು ಹೇಳಿಕಳಿಸಿದರೆ ಬುಧವಾರ ಬಂದರು. ಮಗಳ ಟೆಂಪೋದವನ ವಿಚಾರಣೆ ಅಲ್ಲಿಯವರೆಗೂ ಮುಗಿದಿರಲಿಲ್ಲವಂತೆ. ಶುರುವಿಗೇ ತಡ ಮಾಡಿದವರನ್ನು ಬೈಯಲು ನನಗೆ ಬಾಯಿ ಬರಲಿಲ್ಲ.